ಮೀಸಲು ಬಲದ ಮರ್ಯಾದೆ

ಎರಡನೆಯ ಮಹಾಯುದ್ಧದ ಕಾಲದ ನಾಲ್ಕು ಇಂಜಿನುಗಳ ಬಾಂಬರು ವಿಮಾನವು ಮೂರು ಇಂಜಿನುಗಳನ್ನು, ಕೆಲವೊಮ್ಮೆ ನಾಲ್ಕನ್ನೂ ನಿಲ್ಲಿಸಿ ಹಾರುತ್ತಿರುವ ಚಿತ್ರಗಳನ್ನು ನಮ್ಮ ವಾಚಕರಲ್ಲಿ ಕೆಲವರು ಕಂಡಿರಬಹುದು. ನೋಡಿದವರು ಬೆರಗಾಗುವುದು ಸಹಜವೇ. ಆದರೆ ಆ ಬೆರಗಿನಿಂದ ‘ಒಂದು ಸಾಕಾಗುವಲ್ಲಿ ನಾಲ್ಕೇಕೆ’ ಎಂಬ ತೀರ್ಮಾನಕ್ಕೆ ಬರುವುದು ಮಾತ್ರ ಅಪಾಯಕರ. ಆ ತೀರ್ಮಾನದ ಬೆಲೆ ಎಷ್ಟೆಂಬುದನ್ನು ಅಮೆರಿಕದ ಒಂದೇ ವಿಮಾನ ನಿಲ್ದಾಣದ ಚರಿತ್ರೆ ತೋರಿಸಿಕೊಟ್ಟಿದೆ.

ಇಂಥ ಚಿತ್ರಗಳಲ್ಲಿ ಪ್ರಸಿದ್ಧವಾದುದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಬಿ-17 ವಿಮಾನದ್ದು. ಯುದ್ಧ ಮುಗಿದ ಮೇಲೆ ಕಂಪನಿಯು ಆ ವಿಮಾನವನ್ನು ಪಡೆದು, ಅದರ ಮೂತಿಗೆ ಐದನೆಯ ಇಂಜಿನನ್ನು ಜೋಡಿಸಿ, ಹೊಸ ಇಂಜಿನುಗಳ ಪರೀಕ್ಷೆಗೆ ಬಳಸಿತು. ರೆಕ್ಕೆಗಳ ಮೇಲಿನ ನಾಲ್ಕೂ ಪಂಖಗಳು ನಿಶ್ಚಲವಾಗಿ ನಿಂತು, ಮೂತಿಯ ಪಂಖವೊಂದೇ ತಿರುಗುತ್ತ ವಿಮಾನವು ಸಾಗುತ್ತಿರುವ ದೃಶ್ಯ ಆ ಪರೀಕ್ಷೆಗಳದ್ದು. ಇದರಲ್ಲಿ ಪವಾಡವೇನೂ ಇಲ್ಲ. ಬಿ-17ರ ಒಂದೊಂದು ಇಂಜಿನಿನ ಬಲ 1,200 ಅಶ್ವಶಕ್ತಿ. ನಾಲ್ಕೂ ಸೇರಿ 4,800. ಮೂತಿಯಲ್ಲಿದ್ದ ಟಿ-34 ಎಂಬ ಟರ್ಬೈನು ಇಂಜಿನಿನ ಬಲವೊಂದೇ 5,000 ಅಶ್ವಶಕ್ತಿಗೂ ಮಿಕ್ಕಿದ್ದು. ಹೊರೆಯನ್ನು ಹೊತ್ತುದು ನಾಲ್ವರನ್ನೂ ಮೀರಿಸಿದ ಐದನೆಯವನೇ ಹೊರತು ನಾಲ್ವರಲ್ಲಿ ಒಬ್ಬನಲ್ಲ. ಮೇಲಾಗಿ ಅದು ಮೂಗಿನ ನೇರಕ್ಕಿದ್ದುದರಿಂದ ವಿಮಾನವನ್ನು ಯಾವ ಪಕ್ಕಕ್ಕೂ ಎಳೆಯುತ್ತಿರಲಿಲ್ಲ.

ರೆಕ್ಕೆಯ ಮೇಲಿನ ಇಂಜಿನು ನಿಂತಾಗಿನ ಸ್ಥಿತಿಯೇ ಬೇರೆ. ಒಂದು ಪಕ್ಕದ ಇಂಜಿನುಗಳು ಕೆಟ್ಟರೆ, ಇನ್ನೊಂದು ಪಕ್ಕದವು ವಿಮಾನವನ್ನು ಸತ್ತ ಇಂಜಿನುಗಳ ಕಡೆಗೆ ತಿರುಗಿಸಲೆಳಸುತ್ತವೆ. ಚಾಲಕನು ಅದನ್ನು ಬಾಲದ ಚುಕ್ಕಾಣಿಯಿಂದ ತಡೆಯಬೇಕು. ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹಾಯುವ ಗಾಳಿಯಿಂದ. ಆದುದರಿಂದ ವೇಗವು ಒಂದು ಮಿತಿಗಿಂತ ಕೆಳಗಿಳಿದರೆ ಎಷ್ಟು ಒತ್ತಿದರೂ ಚುಕ್ಕಾಣಿಯು ನಿಷ್ಪ್ರಯೋಜಕ. ನಿಂತ ಇಂಜಿನಿನ ಪಂಖವು ಗಾಳಿಗೆ ಸಿಕ್ಕಿ ಸುತ್ತುತ್ತಿದ್ದರೆ ಅದೇ ದೊಡ್ಡ ತಡೆಯಾಗುತ್ತದೆ. ಅದರ ಅಲಗುಗಳನ್ನು ಗಾಳಿಗೆ ಅಂಚು ತೋರುವಂತೆ ಒಡನೆಯೇ ತಿರುಗಿಸಿ ನಿಲ್ಲಿಸಬೇಕು. ಚಕ್ರಗಳನ್ನು ಇಳಿಬಿಟ್ಟರೆ ತಡೆ ಇನ್ನೂ ಹೆಚ್ಚು. ವಿಮಾನವು ಹಗುರವಾಗಿರಬೇಕು, ಎತ್ತರದಲ್ಲಿರಬೇಕು. ಯುದ್ಧಕಾಲದಲ್ಲಿ ಎರಡೇ ಇಂಜಿನುಗಳ ಮೇಲೆ ಮನೆ ಸೇರಿದ ಬಾಂಬರುಗಳ ಸಿಬ್ಬಂದಿಯು ಬಂದೂಕು, ಮದ್ದುಗುಂಡುಗಳನ್ನೆಲ್ಲ ಹೊರಗೆಸೆದು, ಎತ್ತರವನ್ನು ಸ್ವಲ್ಪಸ್ವಲ್ಪವಾಗಿ ವೆಚ್ಚಮಾಡುತ್ತ ಬಂದುದು ಈ ಕಾರಣದಿಂದಲೇ. ಎತ್ತರದಲ್ಲಿ, ಸರ್ವಸಿದ್ಧತೆಯೊಡನೆ, ಬೇಕೆಂದಾಗ ಮತ್ತೆ ಚಾಲನೆಗೊಳಿಸಬಹುದಾದ ಇಂಜಿನನ್ನು ತಾನಾಗಿ ನಿಲ್ಲಿಸುವುದು ಒಂದು. ನೆಲದ ಸಮೀಪದಲ್ಲಿ ಅದು ತಾನೇ ನಿಂತುಬಿಡುವುದು ಇನ್ನೊಂದು. ನೋಡುವ ಕಣ್ಣಿಗೆ ಎರಡೂ ಒಂದೇ. ಕುಳಿತವರ ಪ್ರಾಣಕ್ಕೆ ಒಂದೇ ಅಲ್ಲ.

2019ರ ಅಕ್ಟೋಬರ್ 2ರಂದು ಕನೆಕ್ಟಿಕಟ್ ಪ್ರಾಂತದ ಬ್ರ್ಯಾಡ್ಲಿ ನಿಲ್ದಾಣದಿಂದ ‘ನೈನ್-ಓ-ನೈನ್’ ಎಂಬ ಬಿ-17 ವಿಮಾನವು ಹಣ ತೆತ್ತ ಹತ್ತು ಮಂದಿ ಪ್ರಯಾಣಿಕರನ್ನೂ ಮೂವರು ಸಿಬ್ಬಂದಿಯನ್ನೂ ಹೊತ್ತು ಮೇಲೆದ್ದಿತು. ಏರುತ್ತಿರುವಾಗಲೇ ಬಲಗಡೆಯ ನಾಲ್ಕನೆಯ ಇಂಜಿನು ಬಲಗುಂದಿತು. ಚಾಲಕನು ಅದನ್ನು ನಿಲ್ಲಿಸಿ ಹಿಂದಿರುಗಲು ತೊಡಗಿದನು. ಅದೇ ಪಕ್ಕದ ಮೂರನೆಯ ಇಂಜಿನೂ ಪೂರ್ಣ ಬಲವನ್ನು ಕೊಡುತ್ತಿರಲಿಲ್ಲ. ಚಕ್ರಗಳನ್ನು ಬೇಗನೆ ಇಳಿಬಿಟ್ಟುದರಿಂದ ವೇಗವು ಮತ್ತಷ್ಟು ಕುಗ್ಗಿತು. ವಿಮಾನವು ಓಡುದಾರಿಯನ್ನು ಮುಟ್ಟುವ ಮೊದಲೇ ನೆಲಕ್ಕೆ ಬಡಿದು ಉರಿದುಹೋಯಿತು. ಇಬ್ಬರು ಚಾಲಕರೂ ಐವರು ಪ್ರಯಾಣಿಕರೂ ಮಡಿದರು. ಸರ್ಕಾರದ ತನಿಖಾ ಮಂಡಲಿಯು ಚಾಲಕನ ನಿರ್ವಹಣೆಯ ಲೋಪವನ್ನು ಕಾರಣವೆಂದು ಹೇಳಿದುದಲ್ಲದೆ, ಸಂಚಾರದ ಕಾಲದಲ್ಲಿ ನಡೆದ ದುರಸ್ತಿಕಾರ್ಯವು ಸಾಲದಾಗಿತ್ತೆಂದೂ, ಸಂಸ್ಥೆಯ ಸುರಕ್ಷತಾ ವ್ಯವಸ್ಥೆಯೂ ಅದರ ಮೇಲಿನ ಸರ್ಕಾರಿ ಮೇಲ್ವಿಚಾರಣೆಯೂ ದುರ್ಬಲವಾಗಿದ್ದುವೆಂದೂ ಸ್ಪಷ್ಟಪಡಿಸಿತು. ವಿಮಾನವನ್ನು ನಡೆಸುತ್ತಿದ್ದವನೂ ಅದರ ದುರಸ್ತಿಯ ಮುಖ್ಯಸ್ಥನೂ ಒಬ್ಬನೇ ಆಗಿದ್ದನೆಂಬುದು ಗಮನಾರ್ಹ. ನಾಲ್ಕು ಇಂಜಿನುಗಳಲ್ಲಿ ಎರಡು ಪೂರ್ಣ ಸ್ವಸ್ಥವಾಗಿದ್ದೂ ಏಳು ಜೀವಗಳು ಉಳಿಯಲಿಲ್ಲ. ಮೂತಿಯ ಇಂಜಿನೊಂದರಿಂದಲೇ ಹಾರಿ ಖ್ಯಾತವಾದ ಹಳೆಯ ಪರೀಕ್ಷಾ ವಿಮಾನವು, ನಿವೃತ್ತಿಯ ನಂತರ ಇದೇ ಬ್ರ್ಯಾಡ್ಲಿಯ ಸಂಗ್ರಹಾಲಯದಲ್ಲಿದ್ದು 1979ರ ಸುಂಟರಗಾಳಿಗೆ ಸಿಕ್ಕಿ ಜಖಂಗೊಂಡಿತ್ತೆಂಬುದನ್ನು ನೆನೆದರೆ ವಿಷಾದವೆನಿಸುತ್ತದೆ.

ಈ ವಿಷಯವು ನಮಗೆ ತೀರ ಪರಕೀಯವೂ ಅಲ್ಲ. ನೈನ್-ಓ-ನೈನನ್ನು ಹಾರಿಸುತ್ತಿದ್ದ ಕಾಲಿಂಗ್ಸ್ ಪ್ರತಿಷ್ಠಾನವು 1989ರಿಂದ ಹಾರಿಸಿದ ಲಿಬರೇಟರ್ ಬಾಂಬರು ನಮ್ಮ ಬೆಂಗಳೂರಿನ ಋಣವುಳ್ಳದ್ದು. ಯುದ್ಧಾನಂತರ ಬ್ರಿಟಿಷರು ಮತ್ತೆ ಬಳಕೆಗೆ ಬಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು, ಹಾರಲು ಬೇಕಾದಷ್ಟು ಸರಿಪಡಿಸಿ, ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪರೀಕ್ಷಾ ಚಾಲಕ ಜಮ್ಷೆಡ್ ಮುನ್ಶಿಯವರು ಬೆಂಗಳೂರಿಗೆ ಹಾರಿಸಿ ತಂದರು. ನಮ್ಮ ಕುಶಲಕರ್ಮಿಗಳು ಅವುಗಳನ್ನು ಸಂಪೂರ್ಣವಾಗಿ ನವೀಕರಿಸಿದರು. 1948ರಿಂದ 1968ರವರೆಗೆ ಅವು ಭಾರತೀಯ ವಾಯುಪಡೆಯ ಸೇವೆಯಲ್ಲಿದ್ದುವು. ಒಂದು ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯವನ್ನು ಸೇರಿತು. ಕೆಲವು ವಿದೇಶಗಳಿಗೆ ಹೋದುವು. ಅಲ್ಲಿಯೂ ಅಪಾಯವಿತ್ತು, ನಿಜ. ಆದರೆ ಅದು ದೇಶದ ಅಗತ್ಯಕ್ಕಾಗಿ, ವಿಷಯವನ್ನು ಬಲ್ಲವರು ತಾವೇ ಹೊತ್ತ ಅಪಾಯ. ಟಿಕೆಟು ಕೊಂಡು ನಂಬಿ ಕುಳಿತವರ ತಲೆಗೆ ಕಟ್ಟಿದ್ದಲ್ಲ.

ಪ್ರಯಾಣಿಕರ ಹಣವಿಲ್ಲದೆ ಈ ಮುದಿ ವಿಮಾನಗಳು ಹಾರಲಾರವು, ಹಾರದಿದ್ದರೆ ಇತಿಹಾಸವೇ ಮೂಕವಾಗುವುದೆಂದು ಅವುಗಳ ಪೋಷಕರು ವಾದಿಸುತ್ತಾರೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ; ನಾಲ್ಕು ಇಂಜಿನುಗಳ ಆ ಘರ್ಜನೆಯನ್ನು ಗಾಜಿನ ಪೆಟ್ಟಿಗೆ ಕೇಳಿಸಲಾರದು. ಆದರೆ ಹಣದ ಅಗತ್ಯವು ಹೆಚ್ಚಿದಷ್ಟೂ ದುರಸ್ತಿಗೆ ಬಿಡುವು ಕಡಮೆಯಾಗುವ ಸಂಭವವಿದೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಿಮಾನಯಾನ ಇಲಾಖೆಯು ಆ ಸಂಸ್ಥೆಯ ಪ್ರಯಾಣಿಕ ಪರವಾನಗಿಯನ್ನು ರದ್ದುಗೊಳಿಸಿದುದು ಯುಕ್ತವೇ ಆಯಿತು. ಏಳು ಮಂದಿ ಸಾಯುವ ಮೊದಲೇ ಕಣ್ತೆರೆದಿದ್ದರೆ ಇನ್ನೂ ಯುಕ್ತವಾಗುತ್ತಿತ್ತು. ನಮ್ಮ ಅಭಿಪ್ರಾಯವಿಷ್ಟೆ: ಇಂಥ ವಿಮಾನಗಳು ಹಾರಲಿ, ಆದರೆ ಹಾರಿಸುವವನ ಕೆಲಸವನ್ನು ಪರೀಕ್ಷಿಸುವವನು ಬೇರೆಯವನಾಗಿರಲಿ, ನಾಲ್ಕೂ ಇಂಜಿನುಗಳು ಸ್ವಸ್ಥವಾಗಿವೆಯೆಂದು ಅವನು ಸಹಿ ಹಾಕುವವರೆಗೆ ಪ್ರಯಾಣಿಕರು ನೆಲದ ಮೇಲೆಯೇ ಇರಲಿ.

ನಾಲ್ವರ ಕೆಲಸವನ್ನು ಒಂದು ದಿನ ಇಬ್ಬರೇ ತೂಗಿಸಿದರೆ, ಮರುದಿನದಿಂದ ಇಬ್ಬರೇ ಸಾಕೆಂಬ ಲೆಕ್ಕ ಹುಟ್ಟುವುದನ್ನು ಅಡಿಗೆಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ದುಡಿಯುವ ನಮ್ಮ ವಾಚಕರು ಚೆನ್ನಾಗಿ ಬಲ್ಲರು. ವಿಮಾನದಲ್ಲಿಯೂ ಆ ಲೆಕ್ಕ ತಪ್ಪೇ. ಮೂರನೆಯ, ನಾಲ್ಕನೆಯ ಇಂಜಿನುಗಳನ್ನು ನಿರ್ಮಾಪಕರು ಇಟ್ಟುದು ಕಷ್ಟದ ದಿನಕ್ಕೆಂದು. ಆ ಮೀಸಲನ್ನು ಚಪ್ಪಾಳೆಗಾಗಲಿ ಉಳಿತಾಯಕ್ಕಾಗಲಿ ಮೊದಲೇ ತಿಂದುಮುಗಿಸಿದವನಿಗೆ, ಕಷ್ಟದ ದಿನ ಬಂದಾಗ ಕೈಯಲ್ಲಿ ಉಳಿಯುವುದು ಚುಕ್ಕಾಣಿಯೊಂದೇ.