ಸರ್ಕಲ್ ಚಂದ ಕಾಣಲಿ, ದಾರಿಯೂ ಕಾಣಲಿ

ಕರಾವಳಿಯಿಂದ ಲಾರಿ ಓಡಿಸುವ ನಮ್ಮವರಿಗೆ ಹುಬ್ಬಳ್ಳಿ ದಾರಿ ಹೊಸದಲ್ಲ. ಅಂಕೋಲಾದಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿ ಬಿಟ್ಟು 52ನೇ ಹೆದ್ದಾರಿ ಹಿಡಿದು ಅರಬೈಲು ಘಾಟಿ ಹತ್ತಿದರೆ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ನವಲಗುಂದ. ಅಲ್ಲಿಂದ ಮುಂದೆ ವಿಜಯಪುರ, ಸೊಲ್ಲಾಪುರ. ಕಲಬುರಗಿಯ ಖ್ವಾಜಾ ಬಂದೇ ನವಾಝ್ ದರ್ಗಾಕ್ಕೆ ಝಿಯಾರತ್‌ಗೆ ಹೊರಟ ಕುಟುಂಬಗಳೂ ಹುಬ್ಬಳ್ಳಿ ಮೇಲೆ ಹೋಗುವುದುಂಟು. ನಮ್ಮ ಅಡುಗೆಮನೆಗೆ ಬೇಕೇ ಬೇಕಾದ ಬ್ಯಾಡಗಿ ಮೆಣಸು ಬೆಳೆಯುವ ಕುಂದಗೋಳ ಇರುವುದೂ ಇದೇ ಧಾರವಾಡ ಜಿಲ್ಲೆಯಲ್ಲಿ. ಹಾಗಾಗಿ ಆ ಊರುಗಳ ಕ್ರಾಸುಗಳ ವಿಷಯ ನಮಗೆ ಪರವೂರಿನ ವಿಷಯ ಅಲ್ಲ.

ಇಂಥ ಊರುಗಳ ಅಂಚಿನಲ್ಲಿ, ಹಳ್ಳಿಯ ರಸ್ತೆ ಬಂದು ಹೆದ್ದಾರಿಗೆ ಸೇರುವ ಕಡೆ ಅಗಲೀಕರಣ, ಡಿವೈಡರ್, ದೀಪದ ಕೆಲಸ ಶುರುವಾದಾಗ ಒಂದು ಬೇಡಿಕೆ ಬಂದೇ ಬರುತ್ತದೆ: ‘ಹೇಗೂ ಕೆಲಸ ಆಗ್ತಾ ಇದೆ, ಸರ್ಕಲ್ ಸ್ವಲ್ಪ ಚಂದ ಮಾಡಿ.’ ಬೇಡಿಕೆಯಲ್ಲಿ ತಪ್ಪಿಲ್ಲ. ದೊಡ್ಡ ನಗರಗಳಿಗೆ ಮಾತ್ರ ಅಂದ, ತಾಲೂಕು ಊರಿಗೆ ಧೂಳು ಮಾತ್ರ ಅಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ಚಂದ ಎಂದ ಕೂಡಲೇ ನಮಗೆ ಹೊಳೆಯುವುದು ಒಂದೇ ಚಿತ್ರ: ನಡುವೆ ಎತ್ತರದ ಕಟ್ಟೆ, ಅದರ ಮೇಲೊಂದು ಪ್ರತಿಮೆ ಅಥವಾ ಕಾರಂಜಿ, ಸುತ್ತಲೂ ಬಣ್ಣದ ಲೈಟು. ನಮ್ಮ ತಕರಾರು ಇರುವುದು ಈ ಚಿತ್ರದ ಬಗ್ಗೆ.

ಮಂಗಳೂರಿನವರಿಗೆ ಇದರ ಪಾಠ ಗೊತ್ತಿದೆ. ಪಂಪ್‌ವೆಲ್‌ನ ಮಹಾವೀರ ವೃತ್ತದ ನಡುವೆ ದೊಡ್ಡ ಕಲಶ ಇತ್ತು. ಫ್ಲೈಓವರ್ ಕೆಲಸಕ್ಕೆ ಅದನ್ನು ಅಲ್ಲಿಂದ ತೆಗೆಯಲೇಬೇಕಾಯಿತು. ಆ ಫ್ಲೈಓವರ್ ತೆರೆದದ್ದು ವರ್ಷಗಟ್ಟಲೆ ಕಾದ ಮೇಲೆ, 2020ರ ಜನವರಿ 31ರಂದು. ಹಂಪನಕಟ್ಟೆಯ ಗಡಿಯಾರ ಗೋಪುರವನ್ನು ಒಮ್ಮೆ ಕೆಡವಿ, ವರ್ಷಗಳ ನಂತರ ಮತ್ತೆ ಕಟ್ಟಿದ್ದನ್ನೂ ಕಂಡಿದ್ದೇವೆ. ಬೆಳೆಯುವ ರಸ್ತೆಯ ನಡುವೆ ಕಟ್ಟಿದ್ದಕ್ಕೆ ಆಯುಷ್ಯ ಕಡಿಮೆ.

ಕಾನೂನೂ ಇದನ್ನೇ ಹೇಳುತ್ತದೆ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆ ನಿಲ್ಲಿಸಲು, ಕಟ್ಟಡ ಕಟ್ಟಲು ರಾಜ್ಯ ಸರಕಾರಗಳು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಬೀದಿದೀಪ, ಹೈಮಾಸ್ಟ್, ಸಂಚಾರ, ರಸ್ತೆಯ ಅಭಿವೃದ್ಧಿ ಮತ್ತು ಸುಂದರೀಕರಣ, ಸಾರ್ವಜನಿಕ ಸೌಲಭ್ಯಗಳಂಥ ಕೆಲಸಗಳಿಗೆ ವಿನಾಯಿತಿ ಇದೆ. ಪ್ರತಿಮೆ ಯಾರದ್ದು, ಸರ್ಕಲ್‌ಗೆ ಹೆಸರು ಯಾರದ್ದು ಎಂಬ ಜಗಳದಲ್ಲಿ ಊರು ಎರಡಾಗುವುದನ್ನು ನಾವೆಲ್ಲ ನೋಡಿದವರೇ. ಜಗಳ ನಡೆಯುವಾಗ ಝೀಬ್ರಾ ಪಟ್ಟಿ ಅಳಿಸಿಹೋದದ್ದು ಯಾರಿಗೂ ನೆನಪಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಅಂದವನ್ನು ನಡುವಿನ ಕಟ್ಟೆಯಿಂದ ಇಳಿಸಿ, ಜನ ನಿಲ್ಲುವ ಅಂಚಿಗೆ ತರಬೇಕು. ಅದನ್ನು ಆಯಾ ಊರಿನ ಕೈಗಳಿಂದಲೇ, ಕೂಲಿ ಕೊಟ್ಟು ಮಾಡಿಸಬೇಕು. ನಾವು ಹೇಳಹೊರಟದ್ದು ಇಷ್ಟೇ.

ನವಲಗುಂದವನ್ನೇ ನೋಡಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಲ್ಲಿನ ಜಮಖಾನವನ್ನು ನೇಯುವವರು ಮುಸ್ಲಿಂ ಹೆಂಗಸರು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದ ನೇಕಾರರ ಕಸುಬು ಇದು ಎನ್ನುತ್ತಾರೆ. ಮಗಳು ಮದುವೆಯಾಗಿ ಹೊರಗೆ ಹೋದರೆ ವಿದ್ಯೆಯೂ ಹೋಗುತ್ತದೆಂದು, ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. ಹತ್ತಿಯ ನೂಲಿನಲ್ಲಿ ನವಿಲು, ಪಗಡೆಯ ಮನೆ, ಮೂಲೆ ಮೂಲೆಯಾಗಿ ಕೂಡುವ ಗೆರೆಗಳು. ನಮಾಝಿನ ಮುಸಲ್ಲಾಗಳೂ ಆ ಮಗ್ಗದಿಂದ ಬರುತ್ತವೆ. ಇವತ್ತು ಆ ಮಗ್ಗದ ಮುಂದೆ ಕೂರುವವರು ಕೆಲವೇ ಮಂದಿ. ಮಾನ್ಯತೆಯ ಕಾಗದದಿಂದ ಮಾತ್ರ ಮನೆಯ ಒಲೆ ಉರಿಯುವುದಿಲ್ಲ.

ಬಸ್ ತಂಗುದಾಣದ ಗೋಡೆ, ಫುಟ್‌ಪಾತ್ ಪಕ್ಕದ ಗಿಡ್ಡ ಗೋಡೆ, ಕೂರುವ ಕಲ್ಲುಬೆಂಚು ಇವುಗಳ ಮೇಲೆ ಆ ವಿನ್ಯಾಸ ಟೈಲ್ಸ್ ಆಗಿ ಬಂದರೆ, ದಾರಿಹೋಕರಿಗೆ ಇದು ನವಲಗುಂದ ಅಂತ ಬೋರ್ಡ್ ಓದದೆಯೂ ತಿಳಿಯುತ್ತದೆ. ಆದರೆ ಕಂಟ್ರಾಕ್ಟರ್ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗಿ ಎಲ್ಲೋ ಪ್ರಿಂಟ್ ಹಾಕಿಸಿದರೆ ಸಾಲದು. ವಿನ್ಯಾಸ ಕೊಟ್ಟ ಹೆಂಗಸಿಗೆ ಹಣ ಸಿಗಬೇಕು, ಗೋಡೆಯ ಮೇಲೆ ಅವಳ ಹೆಸರು ಇರಬೇಕು. ಮುಸಲ್ಲಾದ ವಿನ್ಯಾಸವನ್ನು ಕಾಲಡಿಯ ನೆಲಕ್ಕೆ ಹಾಕಬಾರದು ಎಂಬಷ್ಟು ವಿವೇಕವನ್ನೂ ಅವಳನ್ನು ಕೇಳಿದರೆ ಅವಳೇ ಹೇಳುತ್ತಾಳೆ.

ಕಲಘಟಗಿಗೆ ಅದರ ಬಣ್ಣದ ಮರದ ತೊಟ್ಟಿಲು ಇದೆ. ಅಣ್ಣಿಗೇರಿಗೆ ಪಂಪನ ನಂಟಿದೆ. ಕುಂದಗೋಳದ ಸವಾಯಿ ಗಂಧರ್ವರಿಗೆ ಸಂಗೀತ ಕಲಿಸಿದವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಸವಾಯಿ ಗಂಧರ್ವರಿಂದ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಬಸ್ಸಿಗೆ ಕಾಯುವ ಮಕ್ಕಳು ಓದುವ ಎತ್ತರದಲ್ಲಿ ಈ ಮೂರು ತಲೆಮಾರಿನ ಹೆಸರು ಬರೆದಿಟ್ಟರೆ ಅದಕ್ಕೆ ಪೊಲೀಸ್ ಕಾವಲು ಬೇಕಾಗುವುದಿಲ್ಲ.

ಅಂದಕ್ಕಿಂತ ಮೊದಲು ಆಗಬೇಕಾದ ಕೆಲಸಗಳೂ ಇವೆ. ಕಾರು ಓಡಿಸುವವನ ಕಣ್ಣು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ತಿರುವಿನಲ್ಲಿ ನೆಟ್ಟ ಗಿಡ ಅದಕ್ಕಿಂತ ಎತ್ತರ ಬೆಳೆದರೆ, ಆ ಕಡೆಯಿಂದ ಬರುವ ಬೈಕ್ ಕಾಣುವುದಿಲ್ಲ. ಸೊಂಟದ ಕೆಳಗೆ ನಿಲ್ಲುವ ಗಿಡ ಮೂಲೆಗೆ, ನೆರಳಿನ ಮರ ಬಸ್ ನಿಲ್ದಾಣದ ಹಿಂದಕ್ಕೆ. ನವಲಗುಂದ, ಅಣ್ಣಿಗೇರಿ ಕಡೆಯದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಅಡಿಯ ಮಣ್ಣು ತೆಗೆದು ಗಟ್ಟಿ ಬುನಾದಿ ಹಾಕದೆ, ಚರಂಡಿ ಸರಿಮಾಡದೆ ಬಣ್ಣದ ಇಂಟರ್‌ಲಾಕ್ ಹಾಸಿದರೆ ಅದು ಏಳುತ್ತದೆ, ಮುರಿಯುತ್ತದೆ. ಎಡವಿ ಬೀಳುವವರು ನಮ್ಮ ಉಮ್ಮಂದಿರಂಥ ವಯಸ್ಸಾದವರೇ.

ಇನ್ನೊಂದು ಮಾತು, ವ್ಯಾಪಾರದ ಮನೆಗಳವರು ಗಮನಿಸಬೇಕಾದದ್ದು. ಸುಂದರೀಕರಣ ಅಂದರೆ ಎಷ್ಟೋ ಕಡೆ ಮೊದಲ ಕೆಲಸ ಹಣ್ಣಿನ ಗಾಡಿ, ಎಳನೀರಿನ ಗಾಡಿ ಎತ್ತಿಸುವುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ 30 ದಿನಗಳ ನೋಟಿಸ್ ಇಲ್ಲದೆ ಬೀದಿ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಮೂಲೆಗೆ ತಾಗಿ ಗಾಡಿ ನಿಂತರೆ ಅಪಾಯ ಎಂಬುದು ನಿಜ. ಅದಕ್ಕೆ ಉತ್ತರ ಓಡಿಸುವುದಲ್ಲ, ನಾಲ್ಕು ಹೆಜ್ಜೆ ಆಚೆ ನಕ್ಷೆಯಲ್ಲೇ ಜಾಗ ಗುರುತಿಸುವುದು.

ಇಷ್ಟು ಹೇಳಿದ ಮೇಲೆ ನಮ್ಮ ಬಾಗಿಲಿಗೂ ಬರೋಣ. ನಮ್ಮ ಊರುಗಳ ಕ್ರಾಸುಗಳಲ್ಲಿ ಮೀಲಾದ್, ಉರೂಸ್, ಸನದುದಾನ, ಮತಪ್ರವಚನಗಳ ಫ್ಲೆಕ್ಸ್ ಕಟ್ಟುವವರು ಯಾರು? ಕಾರ್ಯಕ್ರಮ ಮುಗಿದು ತಿಂಗಳಾದರೂ ಹರಿದು ನೇತಾಡುವ ಬ್ಯಾನರ್‌ಗಳಲ್ಲಿ ನಮ್ಮವೂ ಇಲ್ಲವೇ? ಜುಮಾ ದಿನ ತಿರುವಿನಲ್ಲೇ ಬೈಕ್ ನಿಲ್ಲಿಸಿ ಸಫ್ಫಿಗೆ ಓಡುವವರು ನಾವಲ್ಲವೇ? ‘ಅವರೂ ಕಟ್ಟುತ್ತಾರಲ್ಲ’ ಎಂಬುದು ಉತ್ತರವಲ್ಲ. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ಕಲಿಸಿದ ಪ್ರವಾದಿಯವರ (ಸ.ಅ.) ಉಮ್ಮತ್ ನಾವು. ಅಲ್ಲಾಹು ಸೌಂದರ್ಯವನ್ನು ಮೆಚ್ಚುತ್ತಾನೆ ಎಂದು ಕಲಿಸಿದವರೂ ಅವರೇ. ಇವೆರಡನ್ನೂ ಮದ್ರಸದ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಹೊರಗೆ ಬಂದ ಮಗುವಿಗೆ ಕಾಣುವುದು ಬ್ಯಾನರ್‌ನ ಮರೆಯಿಂದ ನುಗ್ಗುವ ಬಸ್ಸು.

ಹಾಗಾಗಿ ಎರಡು ಕೆಲಸ. ಒಂದು, ಪ್ರತಿ ಜಮಾಅತ್ ಕಮಿಟಿ ತನ್ನ ಊರಿನ ಕ್ರಾಸಿನಲ್ಲಿರುವ ತನ್ನ ಬ್ಯಾನರ್‌ಗಳನ್ನು ಈ ಶುಕ್ರವಾರದೊಳಗೆ ತಾನೇ ಇಳಿಸಲಿ. ಯಾರೂ ದೂರು ಕೊಡುವ ತನಕ ಕಾಯುವುದು ಬೇಡ. ಎರಡು, ರಸ್ತೆ ಕೆಲಸದ ಸುದ್ದಿ ಬಂದ ಕೂಡಲೇ, ಗುದ್ದಲಿ ಪೂಜೆಯ ಫೋಟೋಕ್ಕೆ ನಿಲ್ಲುವ ಮೊದಲು, ಪಂಚಾಯತ್‌ಗೋ ಪುರಸಭೆಗೋ ಹೋಗಿ ನಕ್ಷೆ ಕೇಳಿ: ಮುದುಕರು ದಾಟುವ ಜಾಗ ಎಲ್ಲಿದೆ, ನೀರು ಎಲ್ಲಿಗೆ ಹರಿಯುತ್ತದೆ, ಗಾಡಿಯವನಿಗೆ ಜಾಗ ಎಲ್ಲಿ, ಅಂದದ ಹಣ ಯಾರ ಕೈಗೆ ಹೋಗುತ್ತದೆ? ನವಲಗುಂದದಲ್ಲಿ ಈ ಪ್ರಶ್ನೆ ಕೇಳುವವರು ಇದ್ದರೆ ಮಗ್ಗದ ಮುಂದೆ ಕೂತ ಹೆಂಗಸಿಗೆ ಕೆಲಸ ಸಿಕ್ಕೀತು. ನಮ್ಮಲ್ಲಿ ಕೇಳುವವರು ಇದ್ದರೆ ಮದ್ರಸಕ್ಕೆ ಹೋದ ಮಗು ಸಂಜೆ ಹೊತ್ತಿಗೆ ಮನೆ ಸೇರೀತು.