ಕೆಲಸ ಬಿಟ್ಟವನ ರಜೆಯ ಹಣ

ನಾಲ್ಕಾರು ತಿಂಗಳು ದುಡಿದು ಕಾರಖಾನೆಯನ್ನು ಬಿಡುವ ಕಾರ್ಮಿಕನಿಗೆ, ಅವನು ಸಂಪಾದಿಸಿಯೂ ಅನುಭವಿಸದೆ ಉಳಿದ ರಜೆಯ ಹಣವು ಸಲ್ಲಬೇಕೆ ಎಂಬುದು ನಮ್ಮ ದೇಶದಲ್ಲಿ ಚರ್ಚೆಗೆ ಉಳಿದಿರುವ ವಿಷಯವಲ್ಲ. ಸಲ್ಲತಕ್ಕದ್ದೆಂದು ಕಾಯಿದೆಯು ಎಂದೋ ಹೇಳಿದೆ. ಆದರೂ ಲೆಕ್ಕ ತೀರಿಸುವ ಮೇಜಿನ ಮುಂದೆ "ನಿನಗೆ ವರ್ಷ ತುಂಬಿಲ್ಲ, ರಜೆಯ ಮಾತೆಲ್ಲಿ?" ಎಂಬ ಒಂದೇ ಉತ್ತರದಿಂದ ಆ ಹಣವನ್ನು ತಡೆಯುವ ವಾಡಿಕೆಯು ಅಲ್ಲಲ್ಲಿ ಉಳಿದುಕೊಂಡಿರುವುದು ವಿಷಾದಕರವಾದ ಸಂಗತಿ.

ಕಾರಖಾನೆಗಳಲ್ಲಿ ಸಂಬಳಸಹಿತ ರಜೆಯ ಪದ್ಧತಿಗೆ 1945ರ ತಿದ್ದುಪಡಿಯು ನಮ್ಮಲ್ಲಿ ಆಧಾರವನ್ನು ಒದಗಿಸಿತು. 1948ರ ಕಾರಖಾನೆಗಳ ಕಾಯಿದೆಯು, ದುಡಿದ ಪ್ರತಿ 20 ದಿನಗಳಿಗೆ ಒಂದು ದಿನದ ರಜೆಯೆಂಬ ಪ್ರಮಾಣವನ್ನು ಗೊತ್ತುಮಾಡಿತು. ಆದರೆ ಅದರೊಡನೆ 240 ದಿನಗಳ ಗಡಿಯೂ ಇದ್ದಿತು. ಹಂಗಾಮಿನ ಕೆಲಸಗಾರನೂ, ಬದಲಿ ಆಳೂ, ಗುತ್ತಿಗೆದಾರನ ಮೂಲಕ ಬಂದವನೂ ಆ ಗಡಿಯನ್ನು ಮುಟ್ಟುವುದಕ್ಕೆ ಮೊದಲೇ ಹೊರಗಾಗುತ್ತಿದ್ದರು. ಈ ಅನ್ಯಾಯವನ್ನು 1976ರ ತಿದ್ದುಪಡಿಯು ನಿವಾರಿಸಿತು. ಯಜಮಾನನು ತೆಗೆದುಹಾಕಿದವನಾಗಲಿ, ವಜಾ ಆದವನಾಗಲಿ, ತಾನಾಗಿಯೇ ಬಿಟ್ಟವನಾಗಲಿ, ಗಡಿ ತುಂಬದಿದ್ದರೂ ಅದೇ ಪ್ರಮಾಣದಲ್ಲಿ ರಜೆಯ ಹಣಕ್ಕೆ ಹಕ್ಕುದಾರನಾದನು. ಅದನ್ನು ಎರಡನೆಯ ಕೆಲಸದ ದಿನವು ಮುಗಿಯುವುದರೊಳಗೆ ಕೊಡತಕ್ಕದ್ದೆಂದೂ, ಸೇವೆಯಲ್ಲಿರುವಾಗ ಮೃತನಾದವನ ಪಾಲನ್ನು ವಾರಸುದಾರರಿಗೆ ಎರಡು ತಿಂಗಳೊಳಗೆ ಸಲ್ಲಿಸತಕ್ಕದ್ದೆಂದೂ ವಿಧಿಸಲಾಯಿತು.

2025ನೆಯ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 240 ದಿನಗಳ ಗಡಿಯನ್ನು 180ಕ್ಕೆ ಇಳಿಸಿ, ಕೆಲಸ ಬಿಟ್ಟವನ ಹಕ್ಕನ್ನು ಹಾಗೆಯೇ ಉಳಿಸಿದೆ. ಗಡಿಯು ಕೆಲಸದಲ್ಲಿದ್ದುಕೊಂಡು ರಜೆಯನ್ನು ಪಡೆಯುವವನಿಗೆ ಮಾತ್ರ. ಬಿಟ್ಟುಹೋಗುವವನ ಹಣಕ್ಕೆ ಗಡಿಯಿಲ್ಲ. ಇವೆರಡನ್ನೂ ಬೆರೆಸಿ ಮಾತನಾಡುವುದರಿಂದಲೇ ಕಾರ್ಮಿಕನು ಮೋಸಹೋಗುತ್ತಾನೆ.

ಈ ಹಣವು ಎಷ್ಟೆಂದು ಕೇಳುವವರಿಗೆ ಒಂದು ಲೆಕ್ಕವನ್ನು ಕೊಡುತ್ತೇವೆ. ದಿನಕ್ಕೆ 600 ರೂಪಾಯಿ ಕೂಲಿಯಂತೆ 120 ದಿನ ದುಡಿದು, ಒಂದು ದಿನವೂ ರಜೆ ಪಡೆಯದೆ ಹೊರಟವನಿಗೆ ಆರು ದಿನಗಳ ಬಾಬ್ತು 3,600 ರೂಪಾಯಿ ಬರಬೇಕು. ಬೆಂಗಳೂರಿನ ಸಿದ್ಧ ಉಡುಪಿನ ಕಾರಖಾನೆಯನ್ನು ಬಿಟ್ಟ ಹೆಣ್ಣುಮಗಳಿಗೂ, ಕಬ್ಬು ಅರೆಯುವ ಹಂಗಾಮು ಮುಗಿದು ಮಂಡ್ಯದಲ್ಲಿಯೋ ಬೆಳಗಾವಿಯಲ್ಲಿಯೋ ಬೇರೆ ಕೂಲಿಯನ್ನು ಅರಸುವವನಿಗೂ, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವಣ ಬರಿಗೈ ದಿನಗಳಲ್ಲಿ ಇದು ಮನೆಯ ಅಕ್ಕಿಬೇಳೆಯ ಹಣ.

ಇಂಗ್ಲೆಂಡಿನ ಉದಾಹರಣೆಯು ಇಲ್ಲಿ ಗಮನಾರ್ಹವಾಗಿದೆ. ಅಲ್ಲಿಯ 1998ರ ನಿಯಮಗಳು, 13 ವಾರಗಳ ಅಖಂಡ ಸೇವೆಯಿಲ್ಲದವನಿಗೆ ಸಂಬಳಸಹಿತ ರಜೆಯಿಲ್ಲವೆಂದವು. ಅಲ್ಪಾವಧಿಯ ಕರಾರುಗಳ ಮೇಲೆ ದುಡಿಯುತ್ತಿದ್ದ ಆಕಾಶವಾಣಿ, ಚಲಚ್ಚಿತ್ರ ಮುಂತಾದ ವೃತ್ತಿಗಳ ಸಂಘವು ವ್ಯಾಜ್ಯ ಹೂಡಿತು. 2001ರಲ್ಲಿ ಯುರೋಪಿನ ನ್ಯಾಯಾಲಯವು ಅದರ ಪರವಾಗಿ ತೀರ್ಪಿತ್ತಿತು. ಅಲ್ಪಾವಧಿಯ ಕಾರ್ಖಾನೆ ಕಾರ್ಮಿಕನು ಹೊರಡುವಾಗ ಬರಿಗೈಯಲ್ಲಿ ಹೋಗಬಾರದೆಂಬ ನ್ಯಾಯವನ್ನು ನಮ್ಮ ಶಾಸನಸಭೆಯು ಅದಕ್ಕೆ ಕಾಲು ಶತಮಾನ ಮೊದಲೇ ಒಪ್ಪಿದ್ದಿತು. ಕಾಯಿದೆಯ ಮಾತಿನಲ್ಲಿ ನಾವು ಹಿಂದುಳಿದವರಲ್ಲ. ಆಚರಣೆಯಲ್ಲಿ ಹಿಂದುಳಿದಿರುವುದೇ ನಮಗೆ ನಾಚಿಕೆಗೇಡು.

ನಡುವೆಯೇ ಕೈಕೊಟ್ಟು ಹೋಗುವವನಿಗೆ ಉಪಚಾರವೇಕೆ ಎಂದು ಕೆಲವು ಯಜಮಾನರು ಕೇಳಬಹುದು. ಅವರ ತೊಂದರೆಯು ಸುಳ್ಳಲ್ಲ. ಹೊಸಬನನ್ನು ಹುಡುಕಿ ಪಳಗಿಸುವುದಕ್ಕೆ ಕಾಲವೂ ಹಣವೂ ಬೇಕು. ಆದರೆ ರಜೆಯು ಯಜಮಾನನು ಮೆಚ್ಚಿ ಕೊಡುವ ಇನಾಮಲ್ಲ. ಇಪ್ಪತ್ತು ದಿನಗಳ ದುಡಿಮೆಯೊಡನೆ ಇಪ್ಪತ್ತು ದಿನಗಳ ಕೂಲಿಯೂ ಒಂದು ದಿನದ ರಜೆಯೂ ಸಂಪಾದನೆಯಾದಂತೆಯೇ. ವಜಾ ಆದವನಿಗೂ ಅದನ್ನು ಕೊಡಬೇಕೆಂದು ಕಾಯಿದೆಯು ಹೇಳುವಾಗ, ತಿಳಿಸಿ ಬಿಟ್ಟವನಿಗೆ ಇಲ್ಲವೆನ್ನಲು ಯಾವ ನ್ಯಾಯವಿದೆ?

ಆದುದರಿಂದ ನಾವು ಸೂಚಿಸುವುದು ಇಷ್ಟು. ಕೆಲಸ ಬಿಡುವ ಪ್ರತಿಯೊಬ್ಬನ ಕೈಗೂ, ದುಡಿದ ದಿನಗಳು, ಸಂಪಾದಿಸಿದ ರಜೆ, ಅನುಭವಿಸಿದ ರಜೆ, ಉಳಿದುದರ ಹಣ ಎಂಬ ನಾಲ್ಕು ಬಾಬುಗಳನ್ನು ಕನ್ನಡದಲ್ಲಿ ಬರೆದ ಚೀಟಿಯೊಂದು ಸೇರಲಿ. ಆ ಚೀಟಿಯನ್ನು ಓದಿ ತಿಳಿದ ಮೇಲೆಯೇ ಅವನು 'ಲೆಕ್ಕ ಚುಕ್ತಾ' ಎಂದು ರುಜು ಹಾಕಲಿ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ತನಿಖೆಗೆ ಹೋದಾಗ, ಕೆಲಸದಲ್ಲಿರುವವರ ಹಾಜರಿಯನ್ನು ನೋಡುವಂತೆ, ಬಿಟ್ಟುಹೋದವರ ಲೆಕ್ಕವನ್ನೂ ತರಿಸಿ ನೋಡಲಿ. ಹೊರಗೆ ಹೋದವನು ದೂರು ತರುವುದು ಅಪರೂಪ. ಅವನ ಪರವಾಗಿ ಕೇಳತಕ್ಕವರು ಇವರೇ.

ನಿಗದಿತ ಅವಧಿಯ ನೌಕರಿಯನ್ನು ಹೊಸ ಸಂಹಿತೆಗಳು ಅಂಗೀಕರಿಸಿರುವ ಈ ಕಾಲದಲ್ಲಿ ಬಿಡುವವರ ಸಂಖ್ಯೆಯು ಕಡಮೆಯಾಗಲಾರದು. ಎರಡು ದಿನಗಳಲ್ಲಿ ಕೊಡತಕ್ಕ ಹಣವನ್ನು ಎರಡು ವರ್ಷ ಅಲೆಸಿ ಕೊಡುವುದೂ ಕೊಡದಿರುವುದೂ ಬಡವನಿಗೆ ಒಂದೇ. ಸರಕಾರದವರು ಈ ವಿಷಯದಲ್ಲಿ ತಡಮಾಡದೆ ಕಟ್ಟುನಿಟ್ಟಿನ ಆಜ್ಞೆಯನ್ನು ಹೊರಡಿಸುವರೆಂದು ನಾವು ನಿರೀಕ್ಷಿಸುತ್ತೇವೆ.