ಎಳೆಯರ ಮರಣವೂ ಕನ್ನಡ ಕಾದಂಬರಿಯೂ

ಧಾರವಾಡ ಸೀಮೆಯ ಓದುಬಲ್ಲ ಮನೆಗಳಲ್ಲಿ, ಅದು ಗರಗವಿರಲಿ ಹುಬ್ಬಳ್ಳಿಯಿರಲಿ, ಒಂದು ಅಭಿಪ್ರಾಯವು ಆಳವಾಗಿ ಬೇರೂರಿರುವದು. ಎಳೆಯ ವಯಸ್ಸಿನ ಹುಡುಗನಾಗಲಿ ಹುಡುಗಿಯಾಗಲಿ ತಾನಾಗಿ ಪ್ರಾಣ ಕಳೆದುಕೊಳ್ಳುವ ಕಥೆಯುಳ್ಳ ಕಾದಂಬರಿಯನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಇಲ್ಲದ ವಿಚಾರವನ್ನು ಎಳೆಯ ತಲೆಯಲ್ಲಿ ತುಂಬಿದಂತಾಗುವದು. ಇಂಥದನ್ನು ಬರೆಯುವವನೂ ಅಪರಾಧಿ, ಕೊಂಡು ತರುವವನೂ ಅಪರಾಧಿ! ಈ ಅಭಿಪ್ರಾಯವನ್ನು ಹೇಳುವವರು ಕೆಟ್ಟವರಲ್ಲ. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಅವರು ಹೀಗೆ ನುಡಿಯುವರು. ಆದರೆ ಅಕ್ಕರೆಯಿಂದ ಆಡಿದ ಮಾತೆಲ್ಲ ವಿವೇಕದ ಮಾತಾಗುವದಿಲ್ಲ.

ಅವರ ವಾದದಲ್ಲಿ ಅರ್ಧ ಸತ್ಯವಿರುವದೆಂಬದನ್ನು ಮೊದಲಿಗೇ ಒಪ್ಪಬೇಕು. ಜರ್ಮನಿಯ ಗಯಟೆ ಕವಿಯು 1774ರಲ್ಲಿ ವೆರ್ಟರನೆಂಬ ವಿಫಲ ಪ್ರಣಯಿಯ ಕಾದಂಬರಿಯನ್ನು ಪ್ರಕಟಿಸಿದನು. ಯುರೋಪದ ತರುಣರು ಆ ನಾಯಕನಂತೆ ನೀಲಿ ಅಂಗಿ, ಹಳದಿ ಒಳಅಂಗಿ ತೊಟ್ಟು ತಿರುಗಿದರು. ಅವನಂತೆಯೇ ಸತ್ತವರೂ ಉಂಟೆಂಬ ಭಯ ಹುಟ್ಟಿ, ಮರುವರ್ಷವೇ ಲೈಪ್‌ಝಿಗ್ ನಗರದಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಅಲ್ಲಿಂದ ಇನ್ನೂರು ವರ್ಷಗಳ ಮೇಲೆ, 1974ರಲ್ಲಿ, ಡೇವಿಡ್ ಫಿಲಿಪ್ಸ್ ಎಂಬ ಅಮೇರಿಕದ ಸಮಾಜಶಾಸ್ತ್ರಜ್ಞರು ಇಂಥ ಸುದ್ದಿಗಳು ಪತ್ರಿಕೆಗಳ ಮೊದಲ ಪುಟದಲ್ಲಿ ಬಂದ ತರುವಾಯ ಆತ್ಮಹತ್ಯೆಗಳು ಹೆಚ್ಚುವದನ್ನು ಲೆಕ್ಕವಿಟ್ಟು ತೋರಿಸಿ, ಅದಕ್ಕೆ ವೆರ್ಟರನ ಹೆಸರನ್ನೇ ಇಟ್ಟರು. ಇತ್ತೀಚಿನ ಉದಾಹರಣೆಯೂ ಉಂಟು. ಜೇ ಆಶರ್ ಎಂಬವರ ‘ಥರ್ಟೀನ್ ರೀಸನ್ಸ್ ವೈ’ ಎಂಬ ಇಂಗ್ಲಿಷ್ ಕಾದಂಬರಿ 2007ರಲ್ಲಿ ಬಂದಿತು. ಸತ್ತ ಶಾಲಾಬಾಲಿಕೆಯೊಬ್ಬಳು ತನ್ನ ಸಾವಿಗೆ ಯಾರು ಯಾರು ಕಾರಣರೆಂದು ಧ್ವನಿಸುರುಳಿಗಳಲ್ಲಿ ಹೇಳಿಟ್ಟು ಹೋಗುವ ಕಥೆಯದು. 2017ರಲ್ಲಿ ಅದೇ ಕಥೆ ನೆಟ್‌ಫ್ಲಿಕ್ಸ್ ಧಾರಾವಾಹಿಯಾದಾಗ ವೈದ್ಯರೂ ಶಿಕ್ಷಕರೂ ದೇಶದೇಶಗಳಲ್ಲಿ ಪ್ರತಿಭಟಿಸಿದರು. ಸಾವಿನ ದೃಶ್ಯವನ್ನು ಎರಡು ವರ್ಷ ತಡವಾಗಿ, 2019ರಲ್ಲಿ, ಆ ಸಂಸ್ಥೆಯವರೇ ಕತ್ತರಿಸಿ ತೆಗೆಯಬೇಕಾಯಿತು.

ಇಷ್ಟನ್ನು ಹೇಳಿ ಆಕ್ಷೇಪಕರು ಗೆದ್ದೆವೆಂದು ಎದ್ದು ನಿಲ್ಲುವರು. ಅವರು ಸ್ವಲ್ಪ ಕುಳಿತುಕೊಳ್ಳಬೇಕು. ಕಥೆಯಲ್ಲಿ ಕೇಡಾಗಿರುವದು ವಿಷಯದಿಂದಲ್ಲ, ವಿಷಯವನ್ನು ನಡೆಸಿದ ರೀತಿಯಿಂದ. ವೆರ್ಟರನ ಸಾವು ಪ್ರೇಮದ ಕಿರೀಟವಾಗಿ ಮೆರೆಯಿತು. ಆಶರರ ಬಾಲಿಕೆಗೆ ಬದುಕಿದ್ದಾಗ ಸಿಗದ ಕಿವಿಗಳು ಸತ್ತ ಮೇಲೆ ಒಂದೊಂದಾಗಿ ಸಿಕ್ಕವು. ಸಾವೆಂದರೆ ಎಲ್ಲರಿಗೂ ತಟ್ಟುವ ಪತ್ರವೆಂಬ ಭ್ರಮೆ ಅಲ್ಲಿ ಹುಟ್ಟಿತು. ಸತ್ತವಳು ಯಾರ ಪಶ್ಚಾತ್ತಾಪವನ್ನೂ ಕಾಣಲಾರಳೆಂಬ ಸಾದಾ ಮಾತು ಕಥೆಯ ಕುಶಲತೆಯಲ್ಲಿ ಮುಚ್ಚಿಹೋಯಿತು.

ಇದಕ್ಕೆ ಇದಿರಾದ ಸಾಕ್ಷ್ಯವನ್ನು ಆಕ್ಷೇಪಕರು ಎಂದೂ ಎತ್ತುವದಿಲ್ಲ. ಮೊಝಾರ್ಟನ ‘ಮ್ಯಾಜಿಕ್ ಫ್ಲೂಟ್’ ಎಂಬ 1791ರ ಸಂಗೀತ ನಾಟಕದಲ್ಲಿ ಪಾಪಗೇನೋ ಎಂಬ ಹಕ್ಕಿಗಾರನು ಪ್ರಿಯೆ ಸಿಗಲಿಲ್ಲವೆಂದು ಸಾಯಲು ಹೊರಡುವನು. ಮೂವರು ಹುಡುಗರು ಬಂದು ತಡೆದು, ನಿನ್ನ ಬಳಿ ಇರುವ ಗಂಟೆಗಳನ್ನು ಯಾತಕ್ಕೆ ಬಾರಿಸಿ ನೋಡಲಿಲ್ಲವೆಂದು ಕೇಳುವರು. ಅವನು ಉಳಿಯುವನು. ವಿಯೆನ್ನಾ ನಗರದ ಸಂಶೋಧಕರು 2010ರಲ್ಲಿ ಪತ್ರಿಕಾ ವರದಿಗಳನ್ನು ಪರೀಕ್ಷಿಸಿ, ಅಂಥ ಸಂಕಟವನ್ನು ಒಬ್ಬನು ದಾಟಿ ಬಂದ ಕಥೆಯು ಓದುಗರನ್ನು ಕಾಪಾಡುವದೆಂಬುದಕ್ಕೆ ಆಧಾರ ಕೊಟ್ಟು, ಅದಕ್ಕೆ ಈ ಹಕ್ಕಿಗಾರನ ಹೆಸರಿಟ್ಟರು. ಹಾಗಾದರೆ ಪುಸ್ತಕವನ್ನು ಬಚ್ಚಿಡುವವರು ವಿಷವನ್ನಷ್ಟೇ ಬಚ್ಚಿಡುತ್ತಿಲ್ಲ, ಮದ್ದನ್ನೂ ಬಚ್ಚಿಡುತ್ತಿರುವರು. ದಾರಿ ತಪ್ಪಿದ ಆ ಹಕ್ಕಿಗಾರನನ್ನು ಮೊದಲು ಗುರುತಿಸಿದವರು ಹಿರಿಯರಲ್ಲ, ಹುಡುಗರು, ಎಂಬದೂ ಗಮನಿಸತಕ್ಕ ಮಾತು.

ಪರದೇಶದ ಮಾತು ಸಾಕು. ಕನ್ನಡಿಗರ ಮನೆಯನ್ನೇ ನೋಡಿದರಾಯಿತು. ಪುಟ್ಟಣ್ಣ ಕಣಗಾಲರು ಎರಡು ಚಲನಚಿತ್ರಗಳನ್ನು ಕೊಟ್ಟರು. ಎರಡೂ ಕನ್ನಡ ಕಾದಂಬರಿಗಳಿಂದ ಹುಟ್ಟಿದವು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಕೂಡಿಸಿದ್ದು ‘ನಾಗರಹಾವು’, ತ್ರಿವೇಣಿಯವರದು ‘ಶರಪಂಜರ’. ಮೊದಲನೆಯದರ ರಾಮಾಚಾರಿಯನ್ನು ಕನ್ನಡನಾಡು ಅರ್ಧ ಶತಮಾನಕ್ಕೂ ಮಿಕ್ಕಿ ತೊಡೆಯ ಮೇಲೆ ಕೂಡ್ರಿಸಿಕೊಂಡು ಬೆಳೆಸಿರುವದು. ಅವನು ಯಾರು? ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕುಬಿದ್ದು ಕಾಲೇಜಿನಲ್ಲಿ ಮಾನಗೆಟ್ಟ ಹುಡುಗ. ಹೆತ್ತ ತಂದೆಯ ಕಣ್ಣಿಗೆ ಬೇಡಾದವನು. ಸಿಟ್ಟೇ ಅವನಿಗೆ ಬರುವ ಒಂದೇ ಭಾಷೆ. ಚಾಮಯ್ಯ ಮೇಷ್ಟ್ರೆಂಬ ಒಬ್ಬರನ್ನು ಬಿಟ್ಟರೆ ಮಾತಾಡಿಸುವ ಹಿರಿಯರಿಲ್ಲ. ಆ ಒಬ್ಬರೂ ಹುಡುಗನ ಪ್ರೀತಿಯನ್ನು ಅವನಿಂದಲೇ ತ್ಯಾಗ ಮಾಡಿಸುವರು. ಸಂಕಟದ ಗುರುತುಗಳು ಇವಕ್ಕಿಂತ ಸ್ಪಷ್ಟವಾಗಿ ಬೇಕೇ? ಆದರೆ ಚಿತ್ರದ ಕೊನೆಯಲ್ಲಿ ಅವನೂ ಮಾರ್ಗರೆಟ್ಟಳೂ ಕೂಡಿ ಸಾಯುವಾಗ ಚಿತ್ರಮಂದಿರದಲ್ಲಿ ಕಂಡದ್ದು ಎರಡು ಎಳೆಯ ಜೀವಗಳ ಹಾನಿಯಲ್ಲ, ಪ್ರೇಮದ ವಿಜಯ! ರಾಮಾಚಾರಿ ಎಂಬದು ಛಲದ ಹೆಸರಾಯಿತು. ಅವನ ಮನೆಯಲ್ಲಿ ಯಾರು ಏನನ್ನು ಯಾವಾಗ ನೋಡಬೇಕಾಗಿತ್ತೆಂಬ ಪ್ರಶ್ನೆ ಈ ವೈಭವದಲ್ಲಿ ಕೇಳಿಸಲಿಲ್ಲ. ಮಕ್ಕಳಿಗೆ ಕಾದಂಬರಿ ಬೇಡವೆನ್ನುವ ಸದ್ಗೃಹಸ್ಥರು ಅದೇ ಮಕ್ಕಳನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ಈ ಚಿತ್ರವನ್ನು ಎಷ್ಟು ಸಲ ನೋಡಿರುವರೋ!

‘ಶರಪಂಜರ’ದ ಕಾವೇರಿ ಹುಡುಗಿಯಲ್ಲ, ಎರಡು ಮಕ್ಕಳ ತಾಯಿ. ಆದರೂ ಈ ವಿಷಯಕ್ಕೆ ಅವಳೇ ಹೆಚ್ಚು ಹತ್ತಿರದವಳು. ಹೆರಿಗೆಯ ತರುವಾಯ ಮನಸ್ಸು ಕದಡಿ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬಂದವಳನ್ನು ಮನೆಯವರು ಮತ್ತೆ ಮತ್ತೆ ಸಂಶಯದ ಕಣ್ಣಿಂದ ನೋಡುವರು. ಅವಳ ಪ್ರತಿಯೊಂದು ನಗೆಗೂ ಪ್ರತಿಯೊಂದು ಸಿಟ್ಟಿಗೂ ಹುಚ್ಚೆಂಬ ಅರ್ಥವನ್ನೇ ಹಚ್ಚುವರು. ರೋಗವಲ್ಲ, ಆ ನೋಟವೇ ಅವಳನ್ನು ಮತ್ತೆ ಕೆಡಹುವದು. 1963ರಲ್ಲಿ ಮೂವತ್ತನಾಲ್ಕರ ವಯಸ್ಸಿಗೇ ತೀರಿಕೊಂಡ ತ್ರಿವೇಣಿಯವರು, ಗಮನಿಸುವದು ಬೇರೆ, ಕಾವಲು ಕಾಯುವದು ಬೇರೆ, ಎಂಬದನ್ನು ಕನ್ನಡ ಓದುಗರ ಎದುರಿಗಿಟ್ಟರು. ಇಂದಿನ ತಂದೆತಾಯಿಗಳಿಗೆ ಕಾವಲು ಚೆನ್ನಾಗಿ ಗೊತ್ತಿರುವದು. ಮಗನ ಮೊಬೈಲನ್ನು ತೆರೆದು ನೋಡುವರು, ಅಂಕಪಟ್ಟಿಯನ್ನು ಬೆಳಕಿಗೆ ಹಿಡಿಯುವರು. ಆ ಮಗನು ಹದಿನೈದು ದಿನಗಳಿಂದ ಸರಿಯಾಗಿ ಉಂಡಿಲ್ಲವೆಂಬದು ಮಾತ್ರ ಕಾಣದು.

ಗರಗದವರಿಗೆ ಈ ಭೇದವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಮಡಿವಾಳೇಶ್ವರ ಮಠದ ಈ ಊರಿನ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುವರೆಂಬದು ದೇಶಕ್ಕೆಲ್ಲ ಗೊತ್ತು. ಆ ಬಟ್ಟೆಗೆ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಇಷ್ಟೇ ಇರಬೇಕೆಂಬ ಕಟ್ಟುನಿಟ್ಟಾದ ನಿಯಮವಿರುವದು. ತೂಕ, ಗಟ್ಟಿತನ ಎಲ್ಲವೂ ಪರೀಕ್ಷೆಗೆ ಒಳಪಡುವವು. ಮಗ್ಗದ ಮುಂದೆ ಕುಳಿತವರು ಎಳೆ ಹರಿದಾಗ ಬಟ್ಟೆಯನ್ನು ಬೈಯುವದಿಲ್ಲ. ಮಗ್ಗ ನಿಲ್ಲಿಸಿ, ಹರಿದ ಎಳೆಯನ್ನು ಹುಡುಕಿ, ಕೂಡಿಸಿ, ಮುಂದೆ ನಡೆಯುವರು. ಅದೇ ಊರಿನಲ್ಲಾಗಲಿ ನೆರೆಯ ನಗರದಲ್ಲಾಗಲಿ, ಮನೆಯ ಹುಡುಗ ಸಂಗಡಿಗರ ಆಟ ಬಿಟ್ಟು ಕೋಣೆ ಸೇರಿದರೆ ‘ಓದುತ್ತಿರುವನು’ ಎನ್ನುವರು. ನಿದ್ದೆ ಕೆಟ್ಟರೆ ‘ಮೊಬೈಲಿನ ಚಟ’ ಎನ್ನುವರು. ಜೀವಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡ ವಸ್ತುಗಳನ್ನು ತಂಗಿಗೆ, ಗೆಳೆಯರಿಗೆ ಹಂಚಿಬಿಟ್ಟರೆ ‘ದೊಡ್ಡವನಾದ’ ಎನ್ನುವರು. ತಾನು ಎಲ್ಲರಿಗೂ ಭಾರವೆಂದು ಆಡಿದ ಮಾತನ್ನು ನಾಟಕವೆನ್ನುವರು. ಬಹು ದಿನ ಕುಗ್ಗಿದವನು ಒಮ್ಮಿಂದೊಮ್ಮೆಗೇ ಶಾಂತನಾದರೆ ಎಲ್ಲರೂ ನಿಟ್ಟುಸಿರು ಬಿಡುವರು. ವೈದ್ಯರು ಎಲ್ಲಕ್ಕೂ ಹೆಚ್ಚಾಗಿ ಹೆದರುವ ಗುರುತುಗಳಲ್ಲಿ ಅದೂ ಒಂದು.

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ 1,70,924 ಜನರು ಹೀಗೆ ಸತ್ತರು. ಅವರಲ್ಲಿ 13,044 ವಿದ್ಯಾರ್ಥಿಗಳು. ಫಲಿತಾಂಶದ ಮರುದಿನ ಪತ್ರಿಕೆಗಳು ಇದಕ್ಕೆಲ್ಲ ಒಂದೇ ಕಾರಣ ಹೇಳಿ ಮುಗಿಸುವವು: ‘ನಪಾಸಾದದ್ದಕ್ಕೆ’. ಒಂದೇ ಕಾರಣದಿಂದ ಯಾವ ಎಳೆಯನೂ ಸಾಯುವದಿಲ್ಲ. ಪರೀಕ್ಷೆ ಕೊನೆಯ ಹುಲ್ಲುಕಡ್ಡಿ ಮಾತ್ರ, ಹೊರೆ ಬಹು ದಿನದ್ದು. ಭಾರತದ ಪತ್ರಿಕಾ ಮಂಡಳಿಯು 2019ರಲ್ಲಿಯೇ ಇಂಥ ಸುದ್ದಿಯನ್ನು ದೊಡ್ಡದಾಗಿ ಮೆರೆಸಬಾರದು, ರೀತಿಯನ್ನು ವರ್ಣಿಸಬಾರದು, ಎಂದು ಹೇಳಿತು. ಕರ್ನಾಟಕದಲ್ಲಿಯಂತೂ 2024ರಲ್ಲಿ ಎಸ್‌ಎಸ್‌ಎಲ್‌ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಾಗಿ, ‘ಸಪ್ಲಿಮೆಂಟರಿ’ ಎಂಬ ಕಳಂಕದ ಹೆಸರೇ ಹೋಯಿತು. ಸರಕಾರ ಬಾಗಿಲು ತೆರೆಯಿತು. ಮನೆಯ ನಾಲಿಗೆ ಮಾತ್ರ ಇನ್ನೂ ಹಳೆಯ ಹೆಸರಿನಿಂದಲೇ ಕರೆಯುವದು.

ಕೇಳಿದರೆ ವಿಚಾರ ಹುಟ್ಟಿಸಿದಂತಾಗುವದೆಂಬ ಭಯವೊಂದುಂಟು. ಪುಸ್ತಕದ ಮೇಲಿನ ಭಯಕ್ಕೆ ಅದೇ ತಾಯಿ. ಇದು ಸುಳ್ಳೆಂದು ಮನೋವೈದ್ಯರು ಬಹುಕಾಲದಿಂದ ಹೇಳುತ್ತಿರುವರು, ‘ಸಾಯಬೇಕೆನ್ನಿಸುತ್ತಿದೆಯೇ, ಮಗಾ?’ ಎಂದು ನೇರವಾಗಿ ಕೇಳಿದ್ದರಿಂದ ಅಪಾಯ ಹೆಚ್ಚುವದಿಲ್ಲವೆಂದೂ, ಹಲವರಿಗೆ ಎದೆಯ ಭಾರ ಇಳಿಯುವದೆಂದೂ ಸಂಶೋಧನೆಗಳು ತೋರಿಸಿರುವವು. ಮುಚ್ಚಿಡುವದಕ್ಕೆ ಹಿಂದೆ ಒಂದು ನೆವವಿತ್ತು. 1860ರ ದಂಡಸಂಹಿತೆಯ 309ನೆಯ ಕಲಮಿನಂತೆ ಬದುಕುಳಿದವನೇ ಅಪರಾಧಿಯಾಗುತ್ತಿದ್ದನು. ಪೋಲೀಸರ ಹೆದರಿಕೆಯಿಂದ ಮನೆಗಳು ಬಾಯಿ ಮುಚ್ಚಿಕೊಂಡವು. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವನನ್ನು ತೀವ್ರ ಸಂಕಟದಲ್ಲಿದ್ದವನೆಂದು ಬಗೆದು ಆರೈಕೆ ಕೊಡಬೇಕೆಂದಿತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಆ ಕಲಮು ಉಳಿಯಲಿಲ್ಲ. ಹೀಗಿರಲು ಇನ್ನು ಉಳಿದಿರುವ ನೆವ ಒಂದೇ: ಜನ ಏನೆಂದಾರು!

ಆ ಜನರ ಮಾತೂ ಧಾರವಾಡದಲ್ಲಿ ಎಂಥದು! 1845ರಿಂದ ಈ ನಗರದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಿರುವದು. ಈಗ ಅದು ಡಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆ. ಬೇರೆ ಜಿಲ್ಲೆಗಳವರು ಗೌರವದಿಂದ ಹುಡುಕಿಕೊಂಡು ಬರುವ ಈ ಸ್ಥಳವು ಇಲ್ಲಿಯವರ ಬಾಯಲ್ಲಿ ಬೈಗಳವಾಗಿರುವದು. ತುಸು ಬೇರೆಯಾಗಿ ನಡೆದ ಹುಡುಗನಿಗೆ ‘ಧಾರವಾಡ ಆಸ್ಪತ್ರೆಗೆ ಹಾಕಬೇಕು’ ಎಂದು ಅವ್ವನೇ ಗದರಿಸಿದ ಮೇಲೆ, ಆ ಹುಡುಗನು ತನಗೆ ನಿಜವಾಗಿ ಬೇನೆಯಾದ ದಿನ ಯಾರ ಮುಂದೆ ಬಾಯಿ ಬಿಡಬೇಕು?

ಇದನ್ನೆಲ್ಲ ಕಾನೂನಾಗಲಿ ಸುತ್ತೋಲೆಯಾಗಲಿ ಮನೆಯೊಳಗೆ ಬಂದು ಹೇಳಲಾರದು. ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಒಬ್ಬ ತಿಳಿದ ಸಲಹೆಗಾರರನ್ನು ಇಡಬೇಕೆಂದು ನಿರ್ದೇಶಿಸಿತು, ಬಹು ಒಳ್ಳೆಯದು. ಆದರೆ ರಾತ್ರಿ ಊಟದ ಹೊತ್ತಿಗೆ ತಾಟಿನ ಮುಂದೆ ಸುಮ್ಮನೆ ಕುಳಿತ ಮಗಳ ಮುಖವನ್ನು ನೋಡಲು ಕಲಿಸುವದು ಕಾದಂಬರಿಯ ಕೆಲಸ. ಕನ್ನಡದಲ್ಲಿ ಅದು ಬರಬೇಕು. ಅದರಲ್ಲಿ ಸಾವಿನ ವರ್ಣನೆ ಬೇಡ, ಸತ್ತವರ ಪತ್ರವೂ ಬೇಡ, ಪ್ರೇಮದ ಕಿರೀಟವೂ ಬೇಡ. ಗರಗದಿಂದ ಧಾರವಾಡದ ಕಾಲೇಜಿಗೆ ದಿನಾಲು ಬಸ್ಸಿನಲ್ಲಿ ಹೋಗಿಬರುವ ಒಬ್ಬ ಹುಡುಗಿ ಇರಲಿ. ಅವಳು ತನ್ನ ಬಳೆಗಳನ್ನು ತಂಗಿಗೆ ಕೊಟ್ಟುಬಿಟ್ಟದ್ದು ಅವ್ವನಿಗೆ ಕಾಣದೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂಡ್ರುವ ಗೆಳತಿಗೆ ಕಾಣಲಿ. ಆ ಗೆಳತಿ ಕೇಳಲಿ, ಆಣೆ ಇಟ್ಟರೂ ಗುಟ್ಟಾಗಿಡದೆ ಹಿರಿಯರಿಗೆ ಹೇಳಲಿ. 2022ರ ಅಕ್ಟೋಬರದಿಂದ ನಡೆದಿರುವ ಟೆಲಿ-ಮಾನಸ್ ಎಂಬ ಸರಕಾರೀ ಸಹಾಯವಾಣಿಯ 14416 ಎಂಬ ಅಂಕಿಗಳನ್ನು ಕಾದಂಬರಿಕಾರನು ಸಂಕೋಚವಿಲ್ಲದೆ ಕಥೆಯೊಳಗೇ ಬರೆಯಲಿ. ಹಗಲಿರುಳೂ ಅಲ್ಲಿ ಕನ್ನಡದಲ್ಲಿ ಉತ್ತರ ಕೊಡುವವರುಂಟು, ಕರೆಗೆ ಹಣವಿಲ್ಲ. ಕಲೆಗೆ ಇದರಿಂದ ಭಂಗವೆಂದು ವಿಮರ್ಶಕರು ಮೂಗು ಮುರಿದರೆ ಮುರಿಯಲಿ. ಆ ಹುಡುಗಿ ಮರುದಿನ ಅವ್ವನ ಸಂಗಡ ಡಿಮ್ಹಾನ್ಸಿನ ಬಾಗಿಲಲ್ಲಿ ಚೀಟಿ ಮಾಡಿಸಿ, ತನ್ನ ಸರತಿಗಾಗಿ ಬಾಕಿನ ಮೇಲೆ ಕುಳಿತಿರುವಲ್ಲಿಗೆ ಕಥೆ ಬಂದರೆ ಸಾಕು.